ಬೆರಳುದ್ದದ ಗಾಬ್ಲಿನ್‌ಗೆ ಬಣ್ಣ ಹಚ್ಚುವುದು ಹೇಗೆ?

ಯುದ್ಧದಾಟಗಳಿಗೆ ಪುಟ್ಟ ಗೊಂಬೆಗಳನ್ನು ಮಾಡುವ ಸಿಟಾಡೆಲ್ ಮಿನಿಯೇಚರ್ಸ್ ಕಂಪನಿ ಶುರುವಾದದ್ದು 1979ರಲ್ಲಿ, ಇಂಗ್ಲೆಂಡಿನ ನ್ಯೂವಾರ್ಕ್‌ನಲ್ಲಿ. ಗಾಬ್ಲಿನ್ ಎಂದರೆ ಪಾಶ್ಚಾತ್ಯ ಕತೆಗಳ ಕುಳ್ಳ, ಕಿಡಿಗೇಡಿ ಜೀವಿ. ಈ ಕಂಪನಿಗಾಗಿ ಶಿಲ್ಪಿ ಕೆವ್ ಆಡಮ್ಸ್ ರೂಪಿಸಿದ ಗಾಬ್ಲಿನ್‌ಗಳನ್ನು ಮುಖ ನೋಡಿಯೇ ಗುರುತು ಹಿಡಿಯಬಹುದು. ಚೂಪು ಮೂಗು, ಉಬ್ಬಿದ ಕೆನ್ನೆ, ಕಿವಿವರೆಗೆ ಕಿಸಿದ ಬಾಯಿ. ಬಟಾಣಿಯಷ್ಟು ಮುಖದಲ್ಲಿ ಸುಕ್ಕುಗಳೂ ಇವೆ, ಹಲ್ಲುಗಳೂ ಇವೆ. ಅಷ್ಟನ್ನೂ ಮುಚ್ಚಿಹಾಕದೆ ಬಣ್ಣ ಹಚ್ಚುವುದೇ ಈ ಹವ್ಯಾಸದ ಮುಖ್ಯ ಪಾಠ.

ಮೊದಲು ಒಂದು ಎಚ್ಚರಿಕೆ. ಆ ಕಾಲದ ಲೋಹದ ಗೊಂಬೆಗಳಲ್ಲಿ ಸೀಸ ಇರುತ್ತದೆ. ಅಂಚಿನ ಎರಕದ ಗೆರೆಯನ್ನು ಸಣ್ಣ ಅರದಿಂದ ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳಿ, ಗೊಂಬೆಯನ್ನು ಒದ್ದೆ ಮಾಡಿಕೊಳ್ಳಿ, ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಕೆಲಸ ಮುಗಿದ ಮೇಲೆ ಕೈ ತೊಳೆಯಲೇಬೇಕು. ಬ್ರಷ್ಷಿನ ತುದಿ ಚೂಪಾಗಲಿ ಎಂದು ಬಾಯಿಗೆ ಇಡಬೇಡಿ. ಮನೆಯಲ್ಲಿ ಮಕ್ಕಳಿದ್ದರೆ ಅವರಿಗೆ ಪ್ಲಾಸ್ಟಿಕ್ ಗೊಂಬೆಗಳನ್ನೇ ಕೊಡಿ.

ಆಮೇಲೆ ಸೋಪು ನೀರಿನಲ್ಲಿ ತೊಳೆದು, ಒಣಗಿಸಿ, ಮೇಲಿನ ಬಣ್ಣ ಹಿಡಿಯಲೆಂದು ಬೂದು ಬಣ್ಣದ ಪ್ರೈಮರ್ (ತಳಪದರ) ಹೊಡೆಯಿರಿ. ಮಳೆ ಬರುವ ದಿನ ಮಾತ್ರ ಬೇಡ. ಒಮ್ಮೆ ಜುಲೈ ತಿಂಗಳಲ್ಲಿ ಅವಸರಪಟ್ಟು ಬಾಲ್ಕನಿಯಲ್ಲಿ ಸ್ಪ್ರೇ ಮಾಡಿದ್ದೆ. ಒಣಗಿದ ಮೇಲೆ ಮೈಯೆಲ್ಲ ಉಪ್ಪುಕಾಗದದಂತೆ ತರಿತರಿ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ಎಲ್ಲವನ್ನೂ ಮತ್ತೆ ತೆಗೆಯಬೇಕಾಯಿತು.

ಇನ್ನು ಬಣ್ಣ. ಅಕ್ರಿಲಿಕ್ ಬಣ್ಣವನ್ನು ಡಬ್ಬಿಯಿಂದ ನೇರವಾಗಿ ಹಚ್ಚಬೇಡಿ. ಸ್ವಲ್ಪ ಸ್ವಲ್ಪವೇ ನೀರು ಬೆರೆಸಿ ಹಾಲಿನ ಹದಕ್ಕೆ ತನ್ನಿ. ಹೆಬ್ಬೆರಳಿನ ಉಗುರಿನ ಮೇಲೆ ಒಂದು ಗೆರೆ ಎಳೆದು ನೋಡಿ: ಬ್ರಷ್ಷಿನ ಗೀರು ಉಳಿದರೆ ಬಣ್ಣ ಇನ್ನೂ ದಪ್ಪ, ಹರಿದುಹೋದರೆ ನೀರು ಹೆಚ್ಚು. ಒಂದೇ ಸಲಕ್ಕೆ ಮುಚ್ಚುವ ಆಸೆ ಬಿಡಿ. ಎರಡು ಮೂರು ತೆಳು ಪದರ ಹಚ್ಚಿ, ನಡುವೆ ಪೂರ್ತಿ ಒಣಗಲು ಬಿಡಿ.

ಮುಖಕ್ಕೆ ಬನ್ನಿ. ಅರ್ಧ ಸಮಯ ಇದಕ್ಕೇ ಹೋಗಲಿ. ಮೊದಲು ಇಡೀ ಮುಖಕ್ಕೆ ಗಾಢ ಹಸಿರು. ಒಣಗಿದ ಮೇಲೆ ನೀರಿನಂಥ ಕಂದು ಬಣ್ಣ ಬಿಟ್ಟರೆ ಅದು ತಾನಾಗಿ ಸುಕ್ಕುಗಳೊಳಗೆ ಇಳಿದು ನೆರಳಾಗುತ್ತದೆ. ಅದೂ ಒಣಗಲಿ. ಬಳಿಕ ಮೂಗು, ಕೆನ್ನೆ, ಗಲ್ಲದಂಥ ಉಬ್ಬುಗಳ ಮೇಲಷ್ಟೇ ತಿಳಿ ಹಸಿರು. ತಿಳಿಯಾಗಿಸಲು ಬಿಳಿ ಬೆರೆಸಿದರೆ ಸುಣ್ಣ ಬಳಿದಂತೆ ಕಾಣುತ್ತದೆ, ಹಳದಿ ಬೆರೆಸಿ. ಕೊನೆಯ ಅತಿ ತಿಳಿ ಬಣ್ಣ ಮೂಗಿನ ತುದಿಗೆ ಒಂದು ಚುಕ್ಕೆ ಸಾಕು. ಅಲ್ಲಿ ಗಾಬ್ಲಿನ್‌ಗೆ ಜೀವ ಬಂದಂತಾಗುತ್ತದೆ, ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಕಣ್ಣಿಗೆ ಅತಿ ಸಣ್ಣ ಬ್ರಷ್ ಬೇಕೆಂದು ಹಲವರು ತಿಳಿಯುತ್ತಾರೆ. ಅದರಲ್ಲಿ ಬಣ್ಣ ಕಣ್ಣು ಮುಟ್ಟುವ ಮೊದಲೇ ಒಣಗಿಬಿಡುತ್ತದೆ. ಒಳ್ಳೆಯ ತುದಿಯಿರುವ ಒಂದನೇ ನಂಬರ್ ಬ್ರಷ್ಷೇ ವಾಸಿ. ಮೊಣಕೈಗಳನ್ನು ಮೇಜಿಗೆ ಊರಿ, ಕಣ್ಣುಗುಳಿಗೆ ಕಪ್ಪು ತುಂಬಿ, ಒಳಗೆ ಕೆಂಪು ಚುಕ್ಕೆ ಇಡಿ.

ತುಪ್ಪಳ, ಸರಪಳಿ ಅಂಗಿಗಳಿಗೆ ಇಷ್ಟು ಕಷ್ಟ ಬೇಡ. ಬ್ರಷ್ಷಿನ ಬಣ್ಣವನ್ನು ಕಾಗದಕ್ಕೆ ಒರೆಸಿ, ಉಳಿದ ಪಸೆಯಲ್ಲೇ ಮೇಲಿಂದ ಸವರಿ. ಬುಡದ ತಟ್ಟೆಗೆ ಅಂಟು ಹಚ್ಚಿ ಮರಳು ಉದುರಿಸಿ, ಹಸಿರು ಬಳಿಯಿರಿ.

ಕೊನೆಗೆ ಹೊಳಪಿಲ್ಲದ ವಾರ್ನಿಷ್. ಒಂದು ದಿನ ಪೂರ್ತಿ ಒಣಗಲಿ. ಎತ್ತುವಾಗ ತಟ್ಟೆ ಹಿಡಿದೇ ಎತ್ತಿ, ಸೀಸದ ಈಟಿ ಬೆರಳು ತಾಗಿದರೂ ಬಾಗುತ್ತದೆ.