ನೂರು ಪುಟದ ರೀಜೆನ್ಸಿ ಪ್ರೇಮಕಥೆ: ಆರಿಸುವುದು ಹೇಗೆ, ಓದುವುದು ಹೇಗೆ

ರೀಜೆನ್ಸಿ ಅಂದರೆ 1811ರಿಂದ 1820ರವರೆಗಿನ ಇಂಗ್ಲೆಂಡ್. ಮೂರನೇ ಜಾರ್ಜ್ ದೊರೆಗೆ ಮತಿ ಕೆಟ್ಟಿತ್ತು, ಮಗ ಅವನ ಪರವಾಗಿ ಆಳುತ್ತಿದ್ದ. ಇಷ್ಟು ಗೊತ್ತಿದ್ದರೆ ಸಾಕು, ಪುಸ್ತಕ ಕೈಗೆತ್ತಿಕೊಳ್ಳಬಹುದು.

ನನಗೆ ಬೇಕಾದ್ದು ನೂರು, ನೂರಿಪ್ಪತ್ತು ಪುಟದವು. ರಾತ್ರಿ ಗ್ಯಾಸ್ ಕಟ್ಟೆ ಒರೆಸಿ ಕೂತರೆ, ನಿದ್ದೆ ಬರುವಷ್ಟರಲ್ಲಿ ಅವರಿಬ್ಬರ ಮದುವೆ ಗಟ್ಟಿಯಾಗಿಬಿಡಬೇಕು.

ಆರಿಸುವಾಗ ಮೊದಲು ಹಿಂಬದಿ ಓದಿ. ಹುಡುಗ ಹುಡುಗಿಗೆ ಮೊದಲೇ ಪರಿಚಯ ಇದೆಯಾ? ಹಿಂದೆಂದೋ ಮುರಿದುಬಿದ್ದ ನಿಶ್ಚಿತಾರ್ಥ, ಅಣ್ಣನ ಗೆಳೆಯ, ಪಕ್ಕದ ಜಮೀನಿನವನು, ಇಂಥದ್ದೇನಾದರೂ ಇದ್ದರೆ ಧೈರ್ಯವಾಗಿ ತಗೊಳ್ಳಿ. ಅರ್ಧ ಪ್ರೀತಿ ಕಥೆ ಶುರುವಾಗುವ ಮೊದಲೇ ಆಗಿರುತ್ತದೆ, ಉಳಿದ ಅರ್ಧಕ್ಕೆ ನೂರು ಪುಟ ಧಾರಾಳ. ಮೂರನೇ ಪುಟದಲ್ಲಿ ಮೊದಲ ಸಲ ನೋಡಿ, ಮೂವತ್ತನೇ ಪುಟದಲ್ಲಿ ನೀನಿಲ್ಲದೆ ಬದುಕಿಲ್ಲ ಅಂದರೆ ಯಾರು ನಂಬುತ್ತಾರೆ?

ಆಮೇಲೆ, ಗಡುವು ಇದೆಯಾ ನೋಡಿ. ಹಿಮ ಬಿದ್ದು ದಾರಿ ಬಂದ್ ಆದ ಕ್ರಿಸ್‌ಮಸ್ ಕಥೆ ಚೆನ್ನ. ಅದಕ್ಕಿಂತ ಚೆನ್ನ, ಗ್ರೆಟ್ನಾ ಗ್ರೀನ್‌ಗೆ ಓಡಿಹೋಗುವ ಕಥೆ. 1753ರ ಕಾಯ್ದೆ ಬಂದ ಮೇಲೆ ಇಂಗ್ಲೆಂಡಿನಲ್ಲಿ 21 ತುಂಬದವರು ಲೈಸೆನ್ಸ್ ತಗೊಂಡು ಮದುವೆಯಾಗಬೇಕಾದರೆ ಅಪ್ಪ ಒಪ್ಪಲೇಬೇಕಿತ್ತು. ಸ್ಕಾಟ್ಲೆಂಡಿನಲ್ಲಿ ಆಗ ಆ ತಾಪತ್ರಯ ಇರಲಿಲ್ಲ. ಸಾಕ್ಷಿಗಳ ಮುಂದೆ ಇಬ್ಬರೂ ಒಪ್ಪಿದೆವು ಅಂದರೆ ಸಾಕಿತ್ತು, ಪಾದ್ರಿಯೂ ಬೇಕಿರಲಿಲ್ಲ. ಗಡಿ ದಾಟಿದ ಕೂಡಲೇ ಸಿಗುವ ಹಳ್ಳಿಯೇ ಗ್ರೆಟ್ನಾ ಗ್ರೀನ್. ಲಂಡನ್ನಿನಿಂದ ಮುನ್ನೂರು ಮೈಲಿಗೂ ಜಾಸ್ತಿ. ಅಷ್ಟು ದೂರ ಒಂದೇ ಗಾಡಿಯಲ್ಲಿ ಎದುರುಬದುರು ಕೂತಿರಬೇಕು. ಕುದುರೆ ಬದಲಿಸುವ ಕಡೆಯೆಲ್ಲ ಅಪ್ಪ ಬಂದನಾ ಅಂತ ಹಿಂದೆ ನೋಡಬೇಕು. ದುಡ್ಡು ಕರಗುತ್ತಿರುತ್ತದೆ, ಕಾಲು ಮರಗಟ್ಟಿರುತ್ತದೆ, ಯಾರ ಗುಣ ಏನು ಅಂತ ತಾನಾಗಿ ಹೊರಬೀಳುತ್ತದೆ. ಬರೆಯುವವರು ಪುಟ ತುಂಬಿಸಲು ತಿಣುಕಬೇಕಿಲ್ಲ.

ಲಂಡನ್ನಿನ ಸೀಸನ್, ಅಂದರೆ ದೊಡ್ಡ ಮನೆಯವರೆಲ್ಲ ನೃತ್ಯ, ಔತಣ ಅಂತ ಊರಲ್ಲಿ ಸೇರುವ ತಿಂಗಳುಗಳನ್ನು ಪೂರ್ತಿ ತೋರಿಸುತ್ತೇನೆ ಅನ್ನುವ ಸಣ್ಣ ಪುಸ್ತಕವನ್ನು ಅಲ್ಲೇ ಇಟ್ಟುಬಿಡಿ. ಅಲ್ಲಿನ ಸಿರಿವಂತರ ನೃತ್ಯಮಂದಿರ ಆಲ್ಮ್ಯಾಕ್ಸ್‌ನ ಬುಧವಾರದ ನೃತ್ಯಕ್ಕೆ ಯಾರು ಬರಬಹುದು ಅಂತ ತೀರ್ಮಾನಿಸುತ್ತಿದ್ದವರು ದೊಡ್ಡ ಮನೆತನದ ಕೆಲವು ಹೆಂಗಸರು. ಅವರ ಚೀಟಿಗಾಗಿ ಒದ್ದಾಡುವುದೇ ಒಂದು ದಪ್ಪ ಕಾದಂಬರಿಗಾಗುತ್ತದೆ. ಸಣ್ಣದರಲ್ಲಿ ಅದೆಲ್ಲ ಒಂದು ಲೋಟ ನಿಂಬೆ ಪಾನಕಕ್ಕೆ ಮುಗಿದುಹೋಗುತ್ತದೆ.

ಇಂಥ ಪುಸ್ತಕದಲ್ಲಿ ಏನು ಸಿಗುವುದಿಲ್ಲ ಅನ್ನುವುದೂ ಗೊತ್ತಿರಲಿ. 1815ರ ವಾಟರ್ಲೂ ಯುದ್ಧದಿಂದ ನಾಯಕ ಕುಂಟುತ್ತಾ ಬರುತ್ತಾನೆ, ಎರಡು ಪ್ಯಾರಾದಲ್ಲಿ ಗಾಯ ಮಾಯ. ಮದುವೆಯಾದ ಹೆಣ್ಣಿನ ದುಡ್ಡು ಕಾನೂನಿನ ಪ್ರಕಾರ ಗಂಡನದ್ದಾಗುತ್ತಿತ್ತು, ಆ ಭಯದ ಸುದ್ದಿಯೇ ಇರುವುದಿಲ್ಲ. ಇಂಡಿಯಾದಲ್ಲಿ ಸಂಪಾದಿಸಿ ಬಂದ ಚಿಕ್ಕಪ್ಪ ಒಬ್ಬ ಇದ್ದೇ ಇರುತ್ತಾನೆ. ವಾಟರ್ಲೂ ಗೆದ್ದ ವೆಲಿಂಗ್ಟನ್ನೇ 1799ರಲ್ಲಿ ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣದ ಅಧಿಕಾರ ವಹಿಸಿಕೊಂಡು ದರಿಯಾ ದೌಲತ್‌ನಲ್ಲಿದ್ದವನು. ಮಂಡ್ಯ ಕಡೆಯವಳಾದ ನನಗೆ ಆ ಚಿಕ್ಕಪ್ಪನ ದುಡ್ಡು ಎಲ್ಲಿಯದಪ್ಪಾ ಅಂತ ಕೇಳಬೇಕು ಅನ್ನಿಸುತ್ತದೆ. ಉತ್ತರ ಬೇಕಿದ್ದವರು ಇತಿಹಾಸದ ಪುಸ್ತಕವನ್ನೇ ಓದಬೇಕು.

ಇನ್ನೊಂದು, ಮೊದಲ ಅಧ್ಯಾಯದಲ್ಲೇ ಮದುವೆಯಾಗದ ನಾಲ್ಕು ತಮ್ಮಂದಿರು ಬಂದು ಸಾಲಾಗಿ ನಿಂತರೆ ಹುಷಾರು. ಅದು ಮುಂದಿನ ನಾಲ್ಕು ಪುಸ್ತಕದ ಜಾಹೀರಾತು. ಒಂದು ಮುಗಿದ ಕೂಡಲೇ ಇನ್ನೊಂದು ಹಿಡಿಯಲೂ ಬೇಡಿ. ಎರಡನೆಯದು ಅರ್ಧಕ್ಕೆ ಬರುವಷ್ಟರಲ್ಲಿ ಯಾವ ಡ್ಯೂಕ್ ಯಾವ ಹುಡುಗಿಯವನು ಅಂತ ಗೊಂದಲ ಶುರುವಾಗುತ್ತದೆ.