ಸೋಫಾ ದಾನ ಕೊಡುವ ಮೊದಲು ಅದರ ಲೇಬಲ್ ಹುಡುಕಿ

ಇಂಗ್ಲೆಂಡಿನ ರೆಡಿಂಗ್‌ನಲ್ಲಿ ದೊಡ್ಡ ಬಾಡಿಗೆ ಮನೆಯಿಂದ ಚಿಕ್ಕದಕ್ಕೆ ಬಂದಾಗ ಒಂದು ಸೋಫಾ, ಒಂದು ಮೆತ್ತೆ ಕುರ್ಚಿ, ಊಟದ ಟೇಬಲ್ ಹೆಚ್ಚಾದವು. ಹಳೇ ಸಾಮಾನೇ, ಆದ್ರೆ ಗಟ್ಟಿಯಾಗಿದ್ದವು. ದಾನ ಬಂದ ಸಾಮಾನು ಮಾರಿ ಸೇವಾಕಾರ್ಯಕ್ಕೆ ದುಡ್ಡು ಕೂಡಿಸುವ ಚಾರಿಟಿ ಅಂಗಡಿಗೆ ಕೊಟ್ಟುಬಿಡೋಣ ಅಂದುಕೊಂಡೆವು. ಇಲ್ಲಿ ಬ್ರಿಟಿಷ್ ಹಾರ್ಟ್ ಫೌಂಡೇಶನ್‌ನಂಥ ಸಂಸ್ಥೆಗಳು ಮನೆಗೇ ವ್ಯಾನ್ ಕಳಿಸಿ ಪುಕ್ಕಟೆಯಾಗಿ ಒಯ್ಯುತ್ತವೆ.

ಬಟ್ಟೆ ಎಷ್ಟು ಸವೆದಿದೆ ಅನ್ನೋದು ಆಮೇಲಿನ ಮಾತು. ಮೊದಲು ನೋಡಬೇಕಾದದ್ದು ಬೆಂಕಿ ಸುರಕ್ಷತೆಯ ಲೇಬಲ್. ಸೀಟಿನ ಮೆತ್ತೆ ಎತ್ತಿದರೆ ಸಿಗಬಹುದು. ಇಲ್ಲಾಂದ್ರೆ ಸೋಫಾ ಮಗುಚಿ ತಳದ ಬಟ್ಟೆ ನೋಡಿ. 'ಕೇರ್‌ಲೆಸ್‌ನೆಸ್ ಕಾಸಸ್ ಫೈರ್' ಅಂತ ಅಚ್ಚಾಗಿರುತ್ತದೆ. 1979ರಲ್ಲಿ ಮ್ಯಾಂಚೆಸ್ಟರ್‌ನ ವೂಲ್‌ವರ್ತ್ಸ್ ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಫೋಮ್ ಸೋಫಾಗಳಿಗೆ ಬೆಂಕಿ ಹತ್ತಿ 10 ಜನ ಸತ್ತರು. ಆಮೇಲೆ 1988ರಲ್ಲಿ, ಮಾರುವ ಮೆತ್ತೆ ಸಾಮಾನು ಬೆಂಕಿ ಪರೀಕ್ಷೆ ಪಾಸಾಗಿರಬೇಕು ಅನ್ನೋ ಕಟ್ಟುನಿಟ್ಟಿನ ಕಾನೂನು ಬಂತು. ಅದಕ್ಕೆ ಈ ಲೇಬಲ್ಲೇ ಸಾಕ್ಷಿ. ಲೇಬಲ್ ಇಲ್ಲದಿದ್ದರೆ ಸೋಫಾ ಹೊಸದರಂತಿದ್ದರೂ ಚಾರಿಟಿಯವರು ಮುಟ್ಟುವುದಿಲ್ಲ. ಬರೀ ಮರದ ಟೇಬಲ್ಲಿಗೆ ಈ ತಕರಾರಿಲ್ಲ.

ನಮ್ಮ ಸೋಫಾದ್ದು ತಳದಲ್ಲಿ ಸಿಕ್ಕಿತು. ವ್ಯಾಕ್ಯೂಮ್ ಹೊಡೆದು, ಸಾರಿನ ಕಲೆ ಒರೆಸಿದೆ. ಅರಿಸಿನದ ಕಲೆ ಹೋಗಲ್ಲ, ನಿಮಗೆ ಗೊತ್ತೇ ಇದೆ ಅಲ್ವಾ. ಅದನ್ನು ಹತ್ತಿರದಿಂದ ಫೋಟೋ ತೆಗೆದು, ಲೇಬಲ್ಲಿನ ಫೋಟೋ ಜೊತೆಗೇ ಚಾರಿಟಿಗೆ ಕಳಿಸಿದೆ. ಕಲೆ ಮುಚ್ಚಿಟ್ಟು ಏನು ಲಾಭ? ಬೇಕೋ ಬೇಡವೋ ಅಂತ ಕೊನೆಗೆ ಹೇಳುವವರು ವ್ಯಾನಿನವರು, ಅದೂ ಬಾಗಿಲಲ್ಲಿ ನಿಂತು ನೋಡಿ. ಅವರು ಖಾಲಿ ಕೈಯಲ್ಲಿ ವಾಪಸ್ ಹೋದರೆ ಡೀಸೆಲ್ ಖರ್ಚು ಚಾರಿಟಿಯದೇ. ಮಾರಾಟವಾಗದ್ದನ್ನು ಎಸೆಯುವುದಕ್ಕೂ ಅವರೇ ದುಡ್ಡು ಕೊಡಬೇಕು. ಟೇಬಲ್ಲಿನ ಕಾಲು ಬಿಚ್ಚಿ, ಬೋಲ್ಟುಗಳನ್ನು ಕವರಿಗೆ ಹಾಕಿ ಹಲಗೆಯ ಅಡಿಗೆ ಟೇಪ್ ಹಚ್ಚಿದೆ. ಒಂದು ಬೋಲ್ಟ್ ಕಳೆದರೂ ಅಂಗಡಿಯಲ್ಲಿ ಅದು ಸುಮ್ನೆ ಜಾಗ ತಿನ್ನುವ ಹಲಗೆ.

ವ್ಯಾನಿನವರು ಗಿಫ್ಟ್ ಏಡ್ ಫಾರ್ಮ್ ಕೊಟ್ಟರು. ನೀವು ಇಲ್ಲಿ ಸಾಕಷ್ಟು ಆದಾಯ ತೆರಿಗೆ ಕಟ್ಟುತ್ತಿದ್ದರೆ ತಪ್ಪದೇ ತುಂಬಿ. ಮಾರಿ ಬಂದ ಪ್ರತಿ ಪೌಂಡಿಗೆ ಸರ್ಕಾರದಿಂದ ಚಾರಿಟಿಗೆ ಇನ್ನೂ 25 ಪೆನ್ಸ್ ಸಿಗುತ್ತದೆ. ಮಾರಾಟವಾದ ಮೇಲೆ ಎಷ್ಟಕ್ಕೆ ಹೋಯಿತು ಅಂತ ನಮಗೆ ತಿಳಿಸಿದರು. ಕೊಂಡ ಬೆಲೆ ನೆನೆಸಿಕೊಂಡರೆ ನಗು ಬರುತ್ತದೆ, ಆದ್ರೆ ಮನೆಯಲ್ಲಿ ಅದರಿಂದ ಅಷ್ಟೂ ಉಪಯೋಗ ಇರಲಿಲ್ಲ.

ಕುರ್ಚಿಯದ್ದು ಬೇರೆ ಕತೆ. ಅದನ್ನು ನಮಗೆ ಮಾರಿದವರು ಲೇಬಲ್ ಕತ್ತರಿಸಿಬಿಟ್ಟಿದ್ದರು. ಊರಿನಿಂದ ಹೊಸದಾಗಿ ಬಂದ ಕುಟುಂಬವೊಂದು ಕೇಳಿತು. ಸುಮ್ನೆ ಕೊಡೋದು ವ್ಯಾಪಾರವಲ್ಲ, ಹಾಗಾಗಿ ಕಾನೂನಿನ ಅಡ್ಡಿಯಿಲ್ಲ. ಆದ್ರೂ ಚಿಕ್ಕ ಮಕ್ಕಳಿರುವ ಮನೆಗೆ ಕಳಿಸಲು ನನಗೆ ಮನಸ್ಸಾಗಲಿಲ್ಲ. ಶುಲ್ಕ ಕಟ್ಟಿ ಕೌನ್ಸಿಲ್, ಅಂದ್ರೆ ಇಲ್ಲಿನ ನಗರಸಭೆಯ, ಕಸದ ಗಾಡಿಗೆ ಹಾಕಿದೆ. 2023ರಿಂದ ಇಂಗ್ಲೆಂಡಿನಲ್ಲಿ ಇಂಥ ಮೆತ್ತೆ ಸಾಮಾನನ್ನು ಕಸದ ಗುಂಡಿಯಲ್ಲಿ ಹೂಳುವಂತಿಲ್ಲ, ಸುಡಬೇಕು. ಬೆಂಕಿ ಹತ್ತದಿರಲಿ ಅಂತ ಹಿಂದೆ ಹಾಕುತ್ತಿದ್ದ ವಿಷಕಾರಿ ರಾಸಾಯನಿಕಗಳೇ ಅದಕ್ಕೆ ಕಾರಣ!