ಬ್ಯಾಟರಿ ಗರಗಸ: ನಾನು 165 ಮಿ.ಮೀ.ಗೆ ನಿಂತಿದ್ದು ಯಾಕೆ

ಬ್ಯಾಟರಿ ಸರ್ಕ್ಯುಲರ್ ಸಾ, ಅಂದರೆ ದುಂಡು ಬ್ಲೇಡಿನ ಗರಗಸ, ಕೊಳ್ಳಲು ಹೊರಟವರು ಮೊದಲು ಕೇಳುವುದು ಎಷ್ಟು ವೋಲ್ಟ್, ಎಷ್ಟು ಪವರ್ ಅಂತ. ಅದಕ್ಕಿಂತ ಮೊದಲು ಕೇಳಬೇಕಾದ್ದು ಇನ್ನೊಂದಿದೆ. ಬ್ಲೇಡ್ ನೇರವಾಗಿ ಎಷ್ಟು ಆಳ ಇಳಿಯುತ್ತದೆ? 45 ಡಿಗ್ರಿ ಓರೆ ಮಾಡಿದಾಗ ಎಷ್ಟು ಇಳಿಯುತ್ತದೆ? ಈ ಎರಡು ಅಂಕಿಯನ್ನು ನಾವು ದಿನಾ ಕೊಯ್ಯುವ ಮರದ ದಪ್ಪದ ಪಕ್ಕದಲ್ಲಿ ಇಟ್ಟು ನೋಡಿದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. 165 ಮಿ.ಮೀ. ವ್ಯಾಸದ ಬ್ಲೇಡಿನ ಗರಗಸವನ್ನು ನಾನು ಆಯ್ಕೆ ಮಾಡಿದ್ದು ಹಾಗೇ.

ನನ್ನದು ಬೆಂಗಳೂರಿನಲ್ಲಿ ಇಂಟೀರಿಯರ್ ಕೆಲಸ. ಹೆಚ್ಚಿನದು ವಾರ್ಡ್‌ರೋಬ್, ಅಡುಗೆಮನೆ, ಟಿವಿ ಯೂನಿಟ್. ನಡುನಡುವೆ ಬಸವನಗುಡಿ, ಚಾಮರಾಜಪೇಟೆ ಕಡೆಯ ಹಳೆ ಮನೆಗಳ ಬಾಗಿಲು, ಚೌಕಟ್ಟು ರಿಪೇರಿ. ಎರಡೂ ಕೆಲಸಕ್ಕೆ ಒಂದೇ ಗರಗಸ ಬೇಕಿತ್ತು. ಸೈಜಿನ ಬಗ್ಗೆ ಅಷ್ಟು ತಲೆ ಕೆಡಿಸಿಕೊಂಡಿದ್ದು ಅದಕ್ಕೇ.

ವೈರ್ ಇರುವ ಮೆಷಿನ್ ಸಾಕಲ್ವಾ ಅಂತ ಕೇಳುವವರಿದ್ದಾರೆ. ಅವರಿಗೆ ನಾನು ಹೇಳುವುದು ಅಪಾರ್ಟ್‌ಮೆಂಟ್ ಲಿಫ್ಟಿನ ಕಥೆ. ಪ್ಲೈವುಡ್ ಶೀಟ್ ಎಂಟಕ್ಕೆ ನಾಲ್ಕು ಅಡಿ, ಅಂದರೆ 2440ಕ್ಕೆ 1220 ಮಿ.ಮೀ. 19 ಮಿ.ಮೀ. ದಪ್ಪದ ಒಂದು ಶೀಟ್ 35 ಕೆಜಿಯ ಆಸುಪಾಸು ತೂಗುತ್ತದೆ. ಎಂಟು ಅಡಿ ಉದ್ದದ ಶೀಟನ್ನು ಸಾಮಾನ್ಯ ಲಿಫ್ಟಿನೊಳಗೆ ನಿಲ್ಲಿಸಲು ಆಗುವುದಿಲ್ಲ. ಸರ್ಜಾಪುರ ರಸ್ತೆಯ ಹತ್ತು ಹನ್ನೆರಡು ಮಹಡಿ ಕಟ್ಟಡಕ್ಕೆ ಒಂದು ಲೋಡ್ ಶೀಟ್ ಬಂದರೆ ಇಬ್ಬರು ಹುಡುಗರು ಮೆಟ್ಟಿಲಲ್ಲಿ ಹೊತ್ತು ಹೊತ್ತು ಸೊಂಟ ಬಿದ್ದು ಹೋಗುತ್ತದೆ. ತಿರುವಿನಲ್ಲಿ ಗೋಡೆಗೆ ತಾಗಿ ಶೀಟಿನ ಮೂಲೆಯೂ ಹಾಳು, ಗೋಡೆಯ ಪೇಂಟೂ ಹಾಳು. ಈಗ ನಾವು ಕೆಳಗೆ ಬೇಸ್‌ಮೆಂಟಿನಲ್ಲೇ ಅಳತೆಗೆ ಕೊಯ್ದು, ತುಂಡುಗಳನ್ನು ಲಿಫ್ಟಿನಲ್ಲಿ ಕಳಿಸುತ್ತೇವೆ. ಪಾರ್ಕಿಂಗ್ ಜಾಗದಲ್ಲಿ ಪ್ಲಗ್ ಪಾಯಿಂಟ್ ಎಲ್ಲಿರುತ್ತದೆ? ಇದ್ದರೂ ಅದು ಯಾರದೋ ಮೀಟರ್. ಬ್ಯಾಟರಿ ಮೆಷಿನ್ ಇದ್ದರೆ ಯಾರ ಹತ್ತಿರವೂ ಕೇಳಬೇಕಿಲ್ಲ. ಮನೆಯೊಳಗೂ ಧೂಳು ಕಮ್ಮಿ. ಮೇಲೆ ಉಳಿಯುವುದು ಅಲ್ಲಿಲ್ಲಿ ಸವರುವ ಕೆಲಸ ಮಾತ್ರ.

ಇನ್ನು ಸೈಜಿಗೆ ಬರೋಣ. ಅಂಗಡಿಗಳಲ್ಲಿ ಸಿಗುವುದು ಹೆಚ್ಚುಕಮ್ಮಿ ನಾಲ್ಕು ಅಳತೆ. 12 ವೋಲ್ಟಿನ ಪುಟ್ಟ ಮೆಷಿನ್‌ಗಳಿಗೆ 85 ಮಿ.ಮೀ. ಬ್ಲೇಡ್. 18 ವೋಲ್ಟಿನಲ್ಲಿ 136, 165. ಅದರ ಮೇಲೆ 184ರಿಂದ 190, ಅಂದರೆ ನಮ್ಮವರು ಏಳಿಂಚು ಅನ್ನುವ ಸೈಜು. ಬ್ಲೇಡಿನ ಅರ್ಧದಷ್ಟೂ ಆಳ ಸಿಗುವುದಿಲ್ಲ ಅನ್ನುವುದನ್ನು ನೆನಪಿಡಿ. ಬ್ಲೇಡನ್ನು ನಡುವಲ್ಲಿ ಬಿಗಿದು ಹಿಡಿಯುವ ಫ್ಲಾಂಜ್, ಮೋಟಾರು, ಕೆಳಗಿನ ತಟ್ಟೆ ಎಲ್ಲ ಸೇರಿ ಒಂದಷ್ಟು ತಿನ್ನುತ್ತವೆ. 85ರದು ಸುಮಾರು 25 ಮಿ.ಮೀ. ಇಳಿಯುತ್ತದೆ. 136ರದು 51ರ ಹತ್ತಿರ. 165ರದು 55ರಿಂದ 57. 190ರದು ಮಾಡೆಲ್ ನೋಡಿಕೊಂಡು 65ರಿಂದ 70. ಓರೆ ಮಾಡಿದರೆ ಇದೆಲ್ಲ ಮುಕ್ಕಾಲು ಭಾಗಕ್ಕಿಂತ ಕಮ್ಮಿಯಾಗುತ್ತದೆ. 85ರಲ್ಲಿ 16 ಚಿಲ್ಲರೆ, 136ರಲ್ಲಿ 35, 165ರಲ್ಲಿ 40, 190ರಲ್ಲಿ 48 ಆಸುಪಾಸು.

ಈಗ ನಮ್ಮ ಸಾಮಾನನ್ನು ಪಕ್ಕದಲ್ಲಿಡಿ. ವಾರ್ಡ್‌ರೋಬ್ ಡಬ್ಬಕ್ಕೆ 18 ಅಥವಾ 19 ಮಿ.ಮೀ. ಪ್ಲೈ, ಹಿಂಬದಿಗೆ 6 ಅಥವಾ 9. ಎರಡು ಶೀಟ್ ಒಂದರ ಮೇಲೊಂದಿಟ್ಟು ಕೊಯ್ದರೆ 38. ಫ್ಲಶ್ ಡೋರ್ 30ರಿಂದ 35. ಹಾಗಾದರೆ ಬರೀ ಪ್ಲೈ ಕೆಲಸ ಮಾಡುವವನಿಗೆ 136 ಧಾರಾಳವಾಗಿ ಸಾಕು. ಅದು ಹಗುರ, ಕೈಗೆ ಚೆನ್ನಾಗಿ ಕೂರುತ್ತದೆ, ನಿಂತಿರುವ ಬಾಗಿಲಿನ ಅಂಚು ಸವರುವಾಗ ತೋಳು ಸೋಲುವುದಿಲ್ಲ. ಇದನ್ನು ನಾನು ಮನಸಾರೆ ಹೇಳುತ್ತೇನೆ. ಪ್ಲೈ, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬಿಟ್ಟು ಬೇರೆ ಏನೂ ಮುಟ್ಟದವರು ದೊಡ್ಡದಕ್ಕೆ ಆಸೆಪಡಬೇಡಿ.

ನನಗೆ ಅದು ಸಾಲದೆ ಹೋಗಿದ್ದು ಗಟ್ಟಿ ಮರದಿಂದ. ನಮ್ಮಲ್ಲಿ ಮರದ ಅಳತೆ ಇಂದಿಗೂ ಇಂಚಿನಲ್ಲೇ. ಎರಡಿಂಚು ಅಂದರೆ 51 ಮಿ.ಮೀ.ಗೆ ಕೂದಲೆಳೆ ಕಮ್ಮಿ. 136ರ ಬ್ಲೇಡ್ ಅಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ. ಮರ ಕೊಂಚ ಬಾಗಿದ್ದರೂ ತಳದಲ್ಲಿ ಒಂದು ಪದರ ಹಾಗೇ ಉಳಿಯುತ್ತದೆ. 165 ಇದ್ದರೆ ನಾಲ್ಕಕ್ಕೆ ಎರಡರ ಜಂತೆಯನ್ನು ಮಲಗಿಸಿ ಒಂದೇ ಸಲಕ್ಕೆ ಕೊಯ್ಯಬಹುದು. ಕೆಳಗೆ ಐದಾರು ಮಿ.ಮೀ. ಬ್ಲೇಡ್ ಹೊರಗೂ ಬರುತ್ತದೆ. ನನ್ನ ಲೆಕ್ಕದಲ್ಲಿ 136ಕ್ಕೂ 165ಕ್ಕೂ ಇರುವ ನಿಜವಾದ ವ್ಯತ್ಯಾಸ ಆ ಐದಾರು ಮಿ.ಮೀ.

ಹಾಗಾದರೆ 190 ಇನ್ನೂ ಒಳ್ಳೆಯದಲ್ವಾ? ನಮ್ಮ ಹುಡುಗನೂ ಅದೇ ಅಂದ. 'ಅಣ್ಣ, ತಗೊಳ್ಳೋದೇ ತಗೊಳ್ತೀರ, ದೊಡ್ಡದೇ ತಗೊಳ್ಳಿ. ಚೌಕಟ್ಟು ಕೊಯ್ಯೋಕೂ ಆಗುತ್ತೆ.' ಮುಖ್ಯ ಬಾಗಿಲಿನ ಚೌಕಟ್ಟು ನಮ್ಮಲ್ಲಿ ಐದಕ್ಕೆ ಮೂರು. ಮೂರಿಂಚು ಅಂದರೆ 76 ಮಿ.ಮೀ. 190 ಇಳಿಯುವುದು 70ರ ತನಕ. ಅಲ್ಲಿಗೆ ಆ ಆಸೆ ಮುಗಿಯಿತು. 190 ಇದ್ದರೂ ಚೌಕಟ್ಟನ್ನು ತಿರುಗಿಸಿ ಇನ್ನೊಂದು ಕಡೆಯಿಂದ ಕೊಯ್ಯಲೇಬೇಕು. ತಿರುಗಿಸಲೇಬೇಕು ಅಂದಮೇಲೆ 165 ಸಾಕು. ಎರಡೂ ಕಡೆಯಿಂದ 57 ಇಳಿದರೆ ಮಧ್ಯದಲ್ಲಿ ಚೆನ್ನಾಗಿ ಸೇರುತ್ತದೆ. ಮೂಲೆಮಟ್ಟ ಇಟ್ಟು ನಾಲ್ಕೂ ಮೈಗೆ ಗೆರೆ ಎಳೆಯಬೇಕು, ಅಷ್ಟೇ. ಗೆರೆ ಸರಿಯಿದ್ದರೆ ಸೇರಿದ ಜಾಗ ಉಳಿಯಲ್ಲಿ ಒಂದು ಸಲ ಸವರಿದರೆ ಕಾಣುವುದೇ ಇಲ್ಲ. ಓರೆ ಕೊಯ್ತದಲ್ಲೂ ಇದೇ ಕಥೆ. ಎರಡಿಂಚಿನ ಮರವನ್ನು 45 ಡಿಗ್ರಿಗೆ ಕೊಯ್ಯಲು 165ಕ್ಕೂ ಆಗದು, ಸಾಮಾನ್ಯ 190ಕ್ಕೂ ಆಗದು.

190 ಗೆಲ್ಲುವುದು ಎರಡೂವರೆ ಇಂಚಿನಲ್ಲಿ. ಒಳಬಾಗಿಲಿಗೆ ನಾಲ್ಕಕ್ಕೆ ಎರಡೂವರೆ ಚೌಕಟ್ಟು ಹಾಕುವವರಿದ್ದಾರೆ. ಅದು 63 ಚಿಲ್ಲರೆ ಮಿ.ಮೀ. ದಿನವಿಡೀ ಅದೇ ಕೊಯ್ಯುವವರು, ಛಾವಣಿಗೆ ದಪ್ಪ ಮರ ಕೂರಿಸುವವರು 190 ತಗೊಳ್ಳಲಿ, ಅವರಿಗೆ ಅದು ಬೇಕು. ನನಗೆ ಅಂಥ ಕೆಲಸ ಅಪರೂಪ.

ದೊಡ್ಡ ಬ್ಲೇಡಿಗೆ ಇನ್ನೊಂದು ಬೆಲೆ ಇದೆ, ಅದನ್ನು ಬ್ಯಾಟರಿ ಕಟ್ಟುತ್ತದೆ. ಬ್ಲೇಡ್ ಕೂರುವ ಅಚ್ಚಿನ ನಡುವಿನಿಂದ ಹಲ್ಲಿನ ತುದಿಗೆ 165ರಲ್ಲಿ 82.5 ಮಿ.ಮೀ., 190ರಲ್ಲಿ 95. ಮೋಟಾರು ತಿರುಚುವ ಬಲ ಅಷ್ಟೇ ಇದ್ದರೆ, ದೂರ ಜಾಸ್ತಿಯಾದಷ್ಟೂ ಹಲ್ಲಿಗೆ ಸಿಗುವ ಬಲ ಕಮ್ಮಿ. ದೊಡ್ಡ ಬ್ಲೇಡಿನ ಮೆಷಿನ್‌ಗೆ ಕೆಲವು ಕಂಪನಿಗಳು 18 ವೋಲ್ಟಿನ ಎರಡು ಬ್ಯಾಟರಿ ಒಟ್ಟಿಗೆ ಹಾಕುವುದು ಅದಕ್ಕೆ. ಮಕಿಟಾದ 190ರಲ್ಲಿ ಹಾಗಿದೆ. ಡಿವಾಲ್ಟ್ ಬೇರೆಯೇ ಹೆಚ್ಚು ವೋಲ್ಟಿನ ಬ್ಯಾಟರಿ ಕೊಡುತ್ತದೆ. ಎರಡು ಬ್ಯಾಟರಿ ಅಂದರೆ ತೂಕವೂ ಜಾಸ್ತಿ, ಖರ್ಚೂ ಜಾಸ್ತಿ. ನನ್ನ ಹತ್ತಿರ ಡ್ರಿಲ್, ಇಂಪ್ಯಾಕ್ಟ್ ಡ್ರೈವರ್ ಎಲ್ಲ 18 ವೋಲ್ಟಿನವೇ. ಅದೇ ಬ್ಯಾಟರಿ 165ಕ್ಕೂ ಕೂರುತ್ತದೆ. ಆದರೆ ಡ್ರಿಲ್ ಜೊತೆ ಬರುವ 2 ಆಂಪಿಯರ್-ಅವರ್ ಸಾಮರ್ಥ್ಯದ ಚಿಕ್ಕ ಬ್ಯಾಟರಿಯನ್ನು ಗರಗಸಕ್ಕೆ ಹಾಕಬೇಡಿ. ಹೊನ್ನೆ, ಮತ್ತಿ ತರಹದ ಗಟ್ಟಿ ಮರ ಸಿಕ್ಕರೆ ಬ್ಯಾಟರಿ ಬಿಸಿಯಾಗಿ ಮೆಷಿನ್ ನಡುವಲ್ಲೇ ನಿಂತುಬಿಡುತ್ತದೆ. 5 ಆಂಪಿಯರ್-ಅವರ್‌ನವು ಎರಡಿರಲಿ. ಒಂದು ಓಡುವಾಗ ಇನ್ನೊಂದು ಮೇಲೆ ಮನೆಯಲ್ಲಿ ಚಾರ್ಜ್ ಆಗುತ್ತಿರುತ್ತದೆ.

85ರ ಪುಟ್ಟದು ನನ್ನ ಹತ್ತಿರ ಇದೆ, ನನಗೆ ಅದು ಬಲು ಇಷ್ಟ. 6 ಮಿ.ಮೀ. ಹಿಂಬದಿ ಪ್ಲೈ, ಕೂರಿಸಿದ ಮೇಲೆ ಗೋಡೆ ಬುಡದ ಸ್ಕರ್ಟಿಂಗ್ ಪಟ್ಟಿಗೆ ತೆಗೆಯಬೇಕಾದ ಜಾಗ, ಸ್ವಿಚ್ ಬೋರ್ಡ್ ಹಿಂದೆ ಕಿಂಡಿ, ಎಲ್ಲಕ್ಕೂ ಅದೇ. ಆದರೆ ಅದೊಂದನ್ನೇ ನಂಬಿ ಕೆಲಸ ಹಿಡಿಯಲಾಗದು. ಯಾಕೆ ಅಂತ ಹೇಳಬೇಕಾದರೆ ಗೈಡ್ ಪಟ್ಟಿಯ ಬಗ್ಗೆ ಹೇಳಬೇಕು.

ಎಂಟಡಿ ನೇರ ಕೊಯ್ಯಲು ಬರೀ ಕೈ ನಂಬಬೇಡಿ. ನಾವು ಗೈಡನ್ನು ಸೈಟಿನಲ್ಲೇ ಮಾಡಿಕೊಳ್ಳುತ್ತೇವೆ. 6 ಮಿ.ಮೀ. ಪ್ಲೈಯಲ್ಲಿ ಒಂದಡಿ ಅಗಲ, ಎಂಟಡಿ ಉದ್ದದ ಪಟ್ಟಿ. ಅದರ ಮೇಲೆ ಒಂದು ಬದಿಗೆ 12 ಮಿ.ಮೀ. ಪ್ಲೈಯ ಕಿರುಪಟ್ಟಿಯನ್ನು ಫೆವಿಕಾಲ್ ಹಾಕಿ ಸ್ಕ್ರೂ ಹೊಡೆಯಬೇಕು. ಇದರ ಅಂಚು ಫ್ಯಾಕ್ಟರಿಯಲ್ಲಿ ಕೊಯ್ದು ಬಂದ ಅಂಚೇ ಆಗಿರಲಿ, ಅದು ನೇರ ಇರುತ್ತದೆ. ಫೆವಿಕಾಲ್ ಒಣಗಿದ ಮೇಲೆ ಮೆಷಿನ್ನಿನ ತಟ್ಟೆಯನ್ನು ಕಿರುಪಟ್ಟಿಗೆ ಒತ್ತಿ ಒಂದು ಸಲ ಉದ್ದಕ್ಕೂ ಓಡಿಸಿದರೆ, ಕೆಳಗಿನ ಪಟ್ಟಿಯಲ್ಲಿ ಹೆಚ್ಚಾಗಿದ್ದ ಭಾಗ ಕತ್ತರಿಸಿ ಬೀಳುತ್ತದೆ. ಉಳಿದ ಅಂಚು ಅಂದರೆ ಬ್ಲೇಡ್ ಓಡುವ ಗೆರೆ. ಇನ್ನು ಮೇಲೆ ಆ ಅಂಚನ್ನು ಪೆನ್ಸಿಲ್ ಗೆರೆಗೆ ಸೇರಿಸಿ, ಎರಡು ಕಡೆ ಸಿ-ಕ್ಲ್ಯಾಂಪ್ ಬಿಗಿದು ಕೊಯ್ಯುವುದು. ಅಳೆದು ಕಳೆಯುವ ಲೆಕ್ಕವೇ ಇಲ್ಲ. ಬ್ಲೇಡಿನ ದಪ್ಪ ಮಾತ್ರ ಉಳಿಯುವ ತುಂಡಿನ ಕಡೆ ಬರದ ಹಾಗೆ ನೋಡಿಕೊಳ್ಳಿ.

ಈ ಗೈಡಿನ 6 ಮಿ.ಮೀ. ಆಳದಲ್ಲಿ ಕಳೆಯುತ್ತದೆ. 85ರ ಮೆಷಿನ್ನಿನ 25ರಲ್ಲಿ 6 ಹೋದರೆ ಉಳಿಯುವುದು 19. ಶೀಟೂ 19. ಕೆಳಗೆ ಹಲ್ಲು ಹೊರಬರುವುದೇ ಇಲ್ಲ. 165ರಲ್ಲಿ 51 ಉಳಿಯುತ್ತದೆ, ಎರಡು ಶೀಟ್ ಜೋಡಿಸಿದರೂ ತೊಂದರೆಯಿಲ್ಲ. ಅಳತೆ ಆರಿಸುವಾಗ ಗೈಡಿನ ದಪ್ಪವನ್ನೂ ಸೇರಿಸಿ ಅನ್ನುವುದು ಇದಕ್ಕೇ.

ಸರ್ಕ್ಯುಲರ್ ಸಾ ಬ್ಲೇಡಿನ ಹಲ್ಲು ಕೆಳಗಿನಿಂದ ಮೇಲಕ್ಕೆ ಕಚ್ಚುತ್ತದೆ. ಸಿಗುರು ಏಳುವುದು ಮೇಲ್ಮೈಯಲ್ಲಿ. ಹಾಗಾಗಿ ಸನ್‌ಮೈಕಾ ಅಂಟಿಸಿದ ಚಂದದ ಮೈ ಕೆಳಗೆ ಇರಲಿ. ಗೈಡಿನ ಅಂಚು ಮೇಲಿನ ಮೈಯನ್ನು ಒತ್ತಿ ಹಿಡಿಯುವುದರಿಂದ ಆ ಕಡೆಯೂ ಸಿಗುರು ಕಮ್ಮಿ. ಪ್ಲೈ, ಲ್ಯಾಮಿನೇಟಿಗೆ 48 ಹಲ್ಲಿನ ಆಸುಪಾಸಿನ ಬ್ಲೇಡ್ ಹಾಕಿ, ಗಟ್ಟಿ ಮರಕ್ಕೆ 24. ಮೆಷಿನ್ ಜೊತೆ ಬರುವ 24 ಹಲ್ಲಿನದರಲ್ಲೇ ಲ್ಯಾಮಿನೇಟ್ ಕೊಯ್ದು, ಅಂಚು ಎದ್ದಿತು ಅಂತ ಮೆಷಿನ್ನನ್ನು ಬೈಯುವವರನ್ನು ನೋಡಿದ್ದೇನೆ. ಬ್ಲೇಡ್ ಬದಲಿಸಿದರೆ ಸಾಕು. ಹಳೆ ಮನೆಯ ತೇಗದ ಚೌಕಟ್ಟು ಬಿಚ್ಚುವಾಗ ಒಳಗೆ ಮೊಳೆ ಇದ್ದೇ ಇರುತ್ತದೆ. ಅದಕ್ಕೆ ಸವೆದ 24 ಹಲ್ಲಿನದೊಂದನ್ನು ಬೇರೆ ಎತ್ತಿಡಿ. ಕಾರ್ಬೈಡ್ ಹಲ್ಲು ಮೊಳೆಗೆ ತಾಗಿದರೆ ಉದುರಿಹೋಗುತ್ತದೆ.

ನಾಲ್ಕಿಂಚಿನ ಮಾರ್ಬಲ್ ಕಟರ್‌ಗೆ ಮರದ ಬ್ಲೇಡ್ ಹಾಕಿ ಪ್ಲೈ ಕೊಯ್ಯುವುದು ನಮ್ಮೂರಲ್ಲಿ ಮಾಮೂಲು. ದಯವಿಟ್ಟು ಅದನ್ನು ಬಿಡಿ ಅಂತ ಕೇಳಿಕೊಳ್ಳುತ್ತೇನೆ. ಅದು ಕಲ್ಲಿಗೆ ಮಾಡಿದ ಮೆಷಿನ್. ನಿಮಿಷಕ್ಕೆ 12,000ದಿಂದ 13,000 ಸುತ್ತು ತಿರುಗುತ್ತದೆ. ಬ್ಲೇಡನ್ನು ಪೂರ್ತಿ ಮುಚ್ಚುವ ಸ್ಪ್ರಿಂಗ್ ಗಾರ್ಡ್ ಅದಕ್ಕೆ ಇಲ್ಲ. ಬ್ಲೇಡ್ ಸಿಕ್ಕಿಕೊಂಡರೆ ಮೆಷಿನ್ ಕೈಯಿಂದ ಹಾರುತ್ತದೆ, ತೊಡೆಗೋ ಬೆರಳಿಗೋ ಬೀಳುತ್ತದೆ. ಬ್ಯಾಟರಿ ಸರ್ಕ್ಯುಲರ್ ಸಾ ತಿರುಗುವುದು ಸಾಮಾನ್ಯವಾಗಿ ಐದು ಸಾವಿರದ ಆಸುಪಾಸು. ಕೊಯ್ದು ಎತ್ತಿದ ಕ್ಷಣ ಕೆಳಗಿನ ಗಾರ್ಡ್ ತಾನಾಗಿ ಮುಚ್ಚುತ್ತದೆ. ಹೆಚ್ಚಿನವುಗಳಲ್ಲಿ ಬಟನ್ ಬಿಟ್ಟ ಕೂಡಲೇ ಬ್ಲೇಡ್ ನಿಲ್ಲಿಸುವ ಬ್ರೇಕ್ ಇದೆ. ನಮ್ಮ ಹುಡುಗರಿಗೆ ನಾನು ಹಾಕಿರುವ ಕಟ್ಟುನಿಟ್ಟು ಎರಡೇ. ಗಾರ್ಡಿಗೆ ತಂತಿ ಕಟ್ಟಿ ಎತ್ತಿ ನಿಲ್ಲಿಸುವ ಹಾಗಿಲ್ಲ. ಬ್ಯಾಟರಿ ತೆಗೆಯದೆ ಬ್ಲೇಡ್ ಮುಟ್ಟುವ ಹಾಗಿಲ್ಲ.

ಶೀಟಿನ ಕೆಳಗೆ ನಾಲ್ಕು ರೀಪರ್, ಅಂದರೆ ಮರದ ಪಟ್ಟಿ, ಇಟ್ಟು ಕೊಯ್ಯಿರಿ, ಕೊಯ್ಯುವ ಗೆರೆಯ ಈ ಕಡೆ ಎರಡು, ಆ ಕಡೆ ಎರಡು. ಆಗ ತುಂಡಾದ ಭಾಗ ಕುಸಿದು ಬ್ಲೇಡನ್ನು ಹಿಸುಕುವುದಿಲ್ಲ. ಬ್ಲೇಡ್ ಮರದ ಕೆಳಗೆ ಎರಡು ನೂಲು, ಅಂದರೆ ಕಾಲಿಂಚು ಮಾತ್ರ ಹೊರಬರಲಿ. ಅದಕ್ಕಿಂತ ಜಾಸ್ತಿ ಬಿಟ್ಟರೆ ಸಿಗುರೂ ಜಾಸ್ತಿ, ಅಪಾಯವೂ ಜಾಸ್ತಿ.

ಎಸ್.ಪಿ. ರಸ್ತೆಯಲ್ಲಿ ಕೊಳ್ಳುವುದಾದರೆ ಕೊಯ್ದು ನೋಡಲು ಪ್ಲೈ ತುಂಡೊಂದನ್ನು ಚೀಲದಲ್ಲಿ ಇಟ್ಟುಕೊಂಡು ಹೋಗಿ. ಬ್ಯಾಟರಿ ಹಾಕಿಯೇ ಮೆಷಿನ್ ಎತ್ತಿ ನೋಡಿ, ಬರಿ ಮೆಷಿನ್ನಿನ ತೂಕ ನೋಡಿ ಮೋಸ ಹೋಗಬೇಡಿ. ತಟ್ಟೆ ಅಲುಗಾಡುತ್ತದೆಯೇ, ಬ್ಲೇಡಿಗೆ ಸಮಾನಾಂತರ ಇದೆಯೇ ನೋಡಿ. ಆಮೇಲೆ ಬ್ಲೇಡಿನ ನಡುವಿನ ತೂತು ಕೇಳಿ. 165ರಲ್ಲಿ ಹೆಚ್ಚಾಗಿ 20 ಮಿ.ಮೀ. ತೂತು, 190ರಲ್ಲಿ 30ರದೂ ಇದೆ, ಬೇರೆಯದೂ ಇದೆ. ನಿಮ್ಮ ಮೆಷಿನ್ನಿನ ತೂತಿಗೆ 48 ಹಲ್ಲಿನ ಬ್ಲೇಡ್ ಅದೇ ಬೀದಿಯಲ್ಲಿ ಸುಲಭವಾಗಿ ಸಿಗುತ್ತದೆಯೇ ಅಂತ ಮೊದಲೇ ವಿಚಾರಿಸಿ. ಬ್ಲೇಡಿನ ತೂತು ದೊಡ್ಡದಾದರೆ ಬುಷ್, ಅಂದರೆ ತೂತು ಕಿರಿದು ಮಾಡುವ ಬಳೆ, ಹಾಕಿ ಕೊಡುತ್ತಾರೆ. ಆ ಬುಷ್ ಬ್ಲೇಡಿನ ತಟ್ಟೆಗಿಂತ ದಪ್ಪ ಇರಬಾರದು, ಇದ್ದರೆ ಫ್ಲಾಂಜ್ ಬ್ಲೇಡನ್ನು ಹಿಡಿಯುವುದಿಲ್ಲ. ಬ್ಲೇಡಿನ ಮೇಲೆ ಬರೆದಿರುವ ಗರಿಷ್ಠ ಸುತ್ತು ಮೆಷಿನ್ನಿನ ಸುತ್ತಿಗಿಂತ ಜಾಸ್ತಿಯೇ ಇರಬೇಕು. ಇದೆರಡನ್ನೂ ಅಂಗಡಿಯವರ ಮುಂದೆಯೇ ನಿಂತು ನೋಡಿ, ಆಮೇಲೆ ದುಡ್ಡು ಕೊಡಿ.